‘ಅಪರ್ಚರ್ ಕಡಿಮೆ ಮಾಡಿ’ ಅಂದರೆ ಯಾವ ಕಡೆಗೆ?

ನಮಸ್ಕಾರ. ಮುಂಬೈಯಲ್ಲಿ ನಾವು ಕೆಲವು ಕನ್ನಡಿಗರು ಭಾನುವಾರ ಸೇರಿ ಹೊಸಬರಿಗೆ ಮ್ಯಾನ್ಯುವಲ್ ಮೋಡ್‌ನಲ್ಲಿ, ಅಂದರೆ ಕ್ಯಾಮೆರಾಗೆ ಬಿಡದೆ ಎಲ್ಲವನ್ನೂ ನಾವೇ ಹೊಂದಿಸಿಕೊಂಡು, ಫೋಟೋ ತೆಗೆಯಲು ಕಲಿಸುತ್ತೇವೆ. ಪಾಠ ಕನ್ನಡದಲ್ಲೇ. ಅಪರ್ಚರ್ (ಲೆನ್ಸಿನಲ್ಲಿ ಬೆಳಕು ಬರುವ ಕಿಂಡಿ), ಶಟರ್ (ಬೆಳಕನ್ನು ಎಷ್ಟು ಹೊತ್ತು ಬಿಡಬೇಕೋ ಅಷ್ಟು ಹೊತ್ತು ತೆರೆದಿರುವ ಪರದೆ), ಐಎಸ್‌ಒ (ಬೆಳಕಿಗೆ ಕ್ಯಾಮೆರಾ ಎಷ್ಟು ಸೂಕ್ಷ್ಮ ಎನ್ನುವ ಅಂಕಿ) ಎಂಬ ಹೆಸರುಗಳು ಯಾರಿಗೂ ತೊಡಕಾಗಿಲ್ಲ, ಅವು ಹಾಗೇ ಇರಲಿ. ತೊಡಕಾಗುವುದು ಅವುಗಳ ಜೊತೆ ನಾವು ಸೇರಿಸುವ ‘ಜಾಸ್ತಿ ಮಾಡು’, ‘ಕಡಿಮೆ ಮಾಡು’ಗಳಿಂದ.

ಈ ಮಳೆಗಾಲದಲ್ಲಿ ಮರೀನ್ ಡ್ರೈವ್‌ಗೆ ಹೋಗಿದ್ದೆವು. ಅಲೆಗಳು ದಡದ ಟೆಟ್ರಾಪಾಡ್‌ಗಳಿಗೆ (ನಾಲ್ಕು ಕಾಲಿನ ಕಾಂಕ್ರೀಟ್ ಗುಂಡುಗಳಿಗೆ) ಬಡಿದು ಆಳೆತ್ತರ ಚಿಮ್ಮುತ್ತಿದ್ದವು. ಒಬ್ಬ ಹುಡುಗಿ ಅಪರ್ಚರ್ ಎಫ್ 8, ಶಟರ್ 1/250 ಸೆಕೆಂಡ್, ಐಎಸ್‌ಒ 200 ಇಟ್ಟುಕೊಂಡಿದ್ದಳು. ಮೋಡದ ಬೆಳಕಿಗೆ ಹೆಚ್ಚುಕಡಿಮೆ ಸರಿಯಾಗಿತ್ತು. ನೊರೆಯಲ್ಲಿ ಮಾತ್ರ ಹನಿಗಳು ಕಾಣದೆ ಬರೀ ಬಿಳುಪಾಗಿತ್ತು. ‘ಅಪರ್ಚರ್ ಕಡಿಮೆ ಮಾಡಮ್ಮಾ’ ಎಂದರು ಗುಂಪಿನ ಹಿರಿಯರೊಬ್ಬರು. ಆಕೆ 8ರಿಂದ 4ಕ್ಕೆ ತಿರುಗಿಸಿದಳು. ಅಂಕಿ ಕಡಿಮೆಯಾಯಿತಲ್ವಾ? ಹಿರಿಯರು ಹೇಳಿದ್ದು ಕಿಂಡಿ ಚಿಕ್ಕದು ಮಾಡು ಅಂತ. ಅಂದರೆ 11, ಇಲ್ಲವೇ 16: ಈ ಅಂಕಿ ದೊಡ್ಡದಾದಷ್ಟೂ ಕಿಂಡಿ ಚಿಕ್ಕದು. ಎಫ್ 4ರಲ್ಲಿ ಒಳಗೆ ಬರುವ ಬೆಳಕು ಎಫ್ 16ರಲ್ಲಿ ಬರುವುದರ 16 ಪಟ್ಟು. ನೊರೆ, ಆಕಾಶ ಎಲ್ಲ ಒಂದೇ ಬಿಳಿಯಾಗಿ ಕೂತವು. ಇಬ್ಬರ ಕನ್ನಡದಲ್ಲೂ ತಪ್ಪಿರಲಿಲ್ಲ.

ಶಟರ್ ಕತೆಯೂ ಇದೇ. ‘ಶಟರ್ ಜಾಸ್ತಿ ಮಾಡಿ’ ಎಂದರೆ 125ರಿಂದ 500ಕ್ಕೆ (ಅಂದರೆ 1/125 ಸೆಕೆಂಡಿನಿಂದ 1/500ಕ್ಕೆ) ಹೋಗಬೇಕೋ, ಹೆಚ್ಚು ಹೊತ್ತು ತೆರೆದಿಡಬೇಕೋ? ಒಂದರಲ್ಲಿ ಹನಿಗಳು ಗಾಳಿಯಲ್ಲೇ ನಿಲ್ಲುತ್ತವೆ. ಇನ್ನೊಂದರಲ್ಲಿ ನೀರು ಹೊಗೆಯಂತೆ ಹರಡುತ್ತದೆ. ಯಾವುದು ಬೇಕು ಅಂತ ತಾನೇ ಗೊತ್ತುಮಾಡಿಕೊಳ್ಳಲೆಂದೇ ಮ್ಯಾನ್ಯುವಲ್ ಕಲಿಯುವುದು. ಹೇಳುವ ಮಾತೇ ಎರಡು ಕಡೆ ಎಳೆದರೆ ಹೇಗೆ?

ಹಿಂದಿಯವರು ‘ಖೋಲೋ’ ಎಂದುಬಿಡುತ್ತಾರೆ, ಅಂಕಿಯ ಗೊಡವೆಯೇ ಇಲ್ಲ. ನಮ್ಮಲ್ಲೂ ‘ಕಿಂಡಿ ಹಿಗ್ಗಿಸಿ, ಕುಗ್ಗಿಸಿ’ ಎನ್ನಬಹುದು. ಶಟರ್‌ಗೆ ‘ಇನ್ನೂ ಸ್ವಲ್ಪ ಹೊತ್ತು ತೆರೆದಿಡಿ’, ‘ಬೇಗ ಮುಚ್ಚಿ’. ನನ್ನ ಕಿವಿಗೆ ಇವು ಸಲೀಸಾಗಿವೆ.

ಅಂಕಿ ದೊಡ್ಡದಾದರೆ ಕಿಂಡಿ ಚಿಕ್ಕದಾಗುವುದೇಕೆ ಎನ್ನುವುದಕ್ಕೆ ನಮ್ಮ ಹಳೆ ಲೆಕ್ಕದ ಮಾತುಗಳು ಚೆನ್ನಾಗಿ ಒದಗುತ್ತವೆ. ಎಫ್ ಎನ್ನುವುದು ಲೆನ್ಸಿನ ಫೋಕಲ್ ದೂರ (50 ಮಿಲಿಮೀಟರ್ ಲೆನ್ಸ್ ಎನ್ನುವಾಗಿನ ಆ 50). ಎಫ್ 2 ಅಂದರೆ ಕಿಂಡಿಯ ಅಗಲ ಅದರಲ್ಲಿ ಅರೆಪಾಲು, ಎಫ್ 4 ಕಾಲುಪಾಲು, ಎಫ್ 16 ವೀಸ, ಅಂದರೆ ಹದಿನಾರರಲ್ಲಿ ಒಂದು ಪಾಲು. 50 ಮಿಲಿಮೀಟರ್ ಲೆನ್ಸಿನಲ್ಲಿ ಅರೆಪಾಲಿನ ಕಿಂಡಿ 25 ಮಿಲಿಮೀಟರ್ ಅಗಲ, ವೀಸದ ಕಿಂಡಿ ಸುಮಾರು 3. ವೀಸ ಕಾಲಿಗಿಂತ ಚಿಕ್ಕದು ಅಂತ ಯಾರಿಗೂ ಬಿಡಿಸಿ ಹೇಳಬೇಕಿಲ್ಲ.

ಇನ್ನು ‘ಸ್ಟಾಪ್’. ನನಗೆ ನಿಜವಾಗಿ ಸಹಾಯ ಬೇಕಿರುವುದು ಇಲ್ಲೇ. 1858ರಲ್ಲಿ ಜಾನ್ ವಾಟರ್‌ಹೌಸ್ ಎಂಬವರು ತೂತಿನ ಲೋಹದ ತಗಡುಗಳನ್ನು ಲೆನ್ಸಿನ ಸೀಳಿನಲ್ಲಿ ಇಳಿಬಿಡುವ ಏರ್ಪಾಡು ತಂದರು. ಬೆಳಕು ತಡೆಯುವ ಅಂಥ ತಗಡಿಗೆ ಸ್ಟಾಪ್ ಎಂಬ ಹೆಸರು. ಈಗ ಬೆಳಕು ಇಮ್ಮಡಿಯಾದರೂ ಅರ್ಧವಾದರೂ ಒಂದು ಸ್ಟಾಪ್ ಎನ್ನುತ್ತೇವೆ. ಇದಕ್ಕೆ ಕನ್ನಡದಲ್ಲಿ ‘ಪಟ್ಟು’ ಎನ್ನೋಣವೆಂದರೆ ಲೆಕ್ಕ ಕೆಡುತ್ತದೆ: ಎರಡು ಸ್ಟಾಪ್ ಏರಿಸಿದರೆ ಬೆಳಕು ನಾಲ್ಕು ಪಟ್ಟು, ಮೂರಾದರೆ ಎಂಟು. ‘ಮಡಿ’ಗೂ ಅದೇ ಗತಿ. ‘ಹಂತ’ ಎಲ್ಲದಕ್ಕೂ ಸವೆದುಹೋದ ಪದ. ನನಗೆ ‘ಮೆಟ್ಟಿಲು’ ಹಿಡಿಸಿದೆ: ‘ಬೆಳಕು ಒಂದು ಮೆಟ್ಟಿಲು ಇಳಿಸಿ.’ ಹೀಗಂದರೆ ಕಿಂಡಿ, ಶಟರ್, ಐಎಸ್‌ಒ ಮೂರಕ್ಕೂ ಒಂದೇ ಅರ್ಥ. ಯಾವುದನ್ನು ತಿರುಗಿಸಬೇಕೆಂಬುದು ತೆಗೆಯುವವರಿಗೆ ಬಿಟ್ಟದ್ದು.

ಫಿಲ್ಮ್ ಕಾಲದ ಸ್ಟುಡಿಯೋಗಳಲ್ಲಿ ಕೆಲಸ ಮಾಡಿದವರು ಇಲ್ಲಿದ್ದರೆ ದಯವಿಟ್ಟು ತಿಳಿಸಿ. ಮಂಗಳೂರು, ಹುಬ್ಬಳ್ಳಿ, ಮೈಸೂರಿನ ಕಡೆ ಡಾರ್ಕ್‌ರೂಮಿನಲ್ಲಿ, ಮದುವೆ ಮನೆಯಲ್ಲಿ ಸಹಾಯಕರಿಗೆ ಬಾಯಿಮಾತಿನಲ್ಲಿ ಏನೆಂದು ಹೇಳುತ್ತಿದ್ದಿರಿ? ‘ಒಂದು ಸ್ಟಾಪ್ ಇಳಿಸು’ ಅಂತಲೋ, ‘ಸ್ವಲ್ಪ ಮುಚ್ಚು’ ಅಂತಲೋ, ಅಥವಾ ಬೇರೇನಾದರೂ ಮಾತಿತ್ತೋ?