ಅಪ್‌ಡೇಟ್: ನಮ್ಮ ರೋಬೋಟ್ ಸುತ್ತಿಗೆಯ ಏಟಿಗೆ ಈಗ ಜೋರು ಬಂತು

ಹೋದ ಸಲ ಕೇಳಿದ್ದು ಇಷ್ಟು: ಫೈಟಿಂಗ್ ರೋಬೋಟ್‌ಗೆ ಸುತ್ತಿಗೆ ಬೀಸಲು 50 ಮಿ.ಮೀ. ಬೋರ್‌ನ (ಒಳ ಅಗಲದ) ಏರ್ ಸಿಲಿಂಡರ್ ಹಾಕಿದ್ದೇವೆ, 8 ಬಾರ್ ಒತ್ತಡದ ಗಾಳಿ ಇದೆ. ಲೆಕ್ಕದ ಪ್ರಕಾರ ಸುಮಾರು 1,570 ನ್ಯೂಟನ್ ಬಲ ಬರಬೇಕು. ಆದರೆ ಸುತ್ತಿಗೆ ಬೆನ್ನು ತಟ್ಟಿದ ಹಾಗೆ ಬೀಳುತ್ತದೆ, ಯಾಕೆ?

ಬಲ ಕಮ್ಮಿ ಅಲ್ಲ, ಗಾಳಿ ಬೇಗ ನುಗ್ಗುತ್ತಿಲ್ಲ ಅಂತ ನಿಮ್ಮಲ್ಲಿ ಜಾಸ್ತಿ ಜನ ಹೇಳಿದ್ದಿರಿ. ಅದೇ ನಿಜ. ಮೊದಲು ಹಾಕಿದ್ದ 6 ಮಿ.ಮೀ. ಪೈಪಿನ ಒಳತೂತು ಬರೀ 4 ಮಿ.ಮೀ. ಗೇಜ್ ತೋರಿಸುವ 8 ಬಾರ್ ನಿಂತ ಗಾಳಿಯದು. ಪಿಸ್ಟನ್ ಓಡಲು ಶುರುವಾದರೆ ಒತ್ತಡ ಕುಸಿಯುತ್ತದೆ. ಈಗ 12 ಮಿ.ಮೀ. ಪೈಪು, ಒಳತೂತು 8. ಅಂದರೆ ಗಾಳಿಗೆ ನಾಲ್ಕು ಪಟ್ಟು ದಾರಿ. ವಾಲ್ವನ್ನೂ ದೊಡ್ಡದು ಮಾಡಿ, ರೆಗ್ಯುಲೇಟರ್ (ಒತ್ತಡ ಹಿಡಿತದಲ್ಲಿಡುವ ಸಾಧನ) ಆದಮೇಲೆ ವಾಲ್ವ್ ಪಕ್ಕದಲ್ಲೇ ಒಂದು ಚಿಕ್ಕ ಟ್ಯಾಂಕ್ ಕೂರಿಸಿದೆವು.

ಆದರೂ ಏನೋ ಹಿಡಿದ ಹಾಗಿತ್ತು. ಅಂತರಸನಹಳ್ಳಿಯ ಲೇತ್ ಅಂಗಡಿ ಯಜಮಾನರು ನೋಡಿ, "ಒಳಗೆ ಬಿಡೋದಿರ್ಲಿ, ಆ ಕಡೆ ಗಾಳಿ ಆಚೆ ಹೋಗೋಕೆ ದಾರಿ ಎಲ್ಲಪ್ಪಾ?" ಅಂದರು. ಪಿಸ್ಟನ್ನಿನ ಮುಂದೆ, ರಾಡ್ ಇರುವ ಕಡೆಯ ಗಾಳಿ ಬೇಗ ಆಚೆ ಹೋಗದೆ ಪಿಸ್ಟನ್ನನ್ನು ತಡೆಯುತ್ತಿತ್ತು. ಆ ಕಡೆಯ ಪೋರ್ಟ್‌ಗೇ (ಗಾಳಿ ಹೋಗಿಬರುವ ತೂತಿಗೇ) ಗಾಳಿಯನ್ನು ಅಲ್ಲೇ ಆಚೆ ಬಿಡುವ ಕ್ವಿಕ್ ಎಕ್ಸಾಸ್ಟ್ ವಾಲ್ವ್ ಹಾಕಿದೆವು. 'ಠಪ್' ಅಂತ ಬಿತ್ತು ನೋಡಿ, 3 ಮಿ.ಮೀ. ತಗಡು ಬಟ್ಟಲಿನ ಹಾಗೆ ಗುಳಿಬಿತ್ತು!

ಹೊಸ ತಲೆನೋವು: ಸುತ್ತಿಗೆ ಮುಂದಕ್ಕೆ ಬೀಸಿದಾಗ ರೋಬೋಟಿನ ಮೂತಿ ಮೇಲೇಳುತ್ತದೆ. ಬ್ಯಾಟರಿಯನ್ನು ಮುಂದಕ್ಕೆ ಸರಿಸುತ್ತಿದ್ದೇವೆ. ಸುರಕ್ಷತೆಗೆ ಸುತ್ತಿಗೆ ಅಲ್ಲಾಡದಂತೆ ಹಿಡಿಯುವ ಲಾಕಿಂಗ್ ಪಿನ್, ಗಾಳಿಯನ್ನೆಲ್ಲ ಆಚೆ ಬಿಡಲು ಕೈಯಲ್ಲಿ ತಿರುಗಿಸುವ ಡಂಪ್ ವಾಲ್ವ್ ಎರಡೂ ಹಾಕಾಗಿದೆ, ಬೈಯಬೇಡಿ.