ಭೀಮಾ ಏರಿದಾಗ ದನ, ಆಡು, ನಾಯಿ, ಬೆಕ್ಕು: ಮೊದಲು ಏನು ಎತ್ತಬೇಕು?

ಭೀಮಾದಂಡಿ_ಅಫಜಲಪುರ

ಮನಿ ಸೊನ್ನ ಬ್ಯಾರೇಜಿನ ಕೆಳಗ, ನದಿ ದಂಡಿಗೇ ಅದ. ಎರಡು ಎಮ್ಮಿ (ಒಂದು ಹಿಂಡತದ), ಒಂದು ಜೋಡಿ ಎತ್ತು, 14 ಆಡು, ಒಂದು ನಾಯಿ, ಒಂದು ಬೆಕ್ಕು ಅದಾವು. 2020ರ ಅಕ್ಟೋಬರ್, 2025ರ ಸೆಪ್ಟೆಂಬರ್ ನೋಡಿದ ಮ್ಯಾಲ ಈ ಸಲ ಮೊದಲೇ ತಯಾರಿ ಮಾಡ್ಕೋಬೇಕು ಅಂತ. ಗೊತ್ತಿದ್ದವರು ಹೇಳ್ರಿ:

ಯಾವ ಸುದ್ದಿ ಬಂದ ಕೂಡ್ಲೇ ದನ ಹೊಡಕೊಂಡು ಹೋಗಬೇಕು? ಕಣಕಿ (ಜೋಳದ ಒಣ ದಂಟು) ಬಣವಿ ತೊಯ್ದರ ಹಾಕಬಹುದೋ ಇಲ್ಲೋ? ಹೊರಗಿನವರು ರೊಟ್ಟಿ, ಅನ್ನ ತಂದು ಸುರುವತಾರ, ಅದನ್ನ ದನಕ್ಕ ಹಾಕಿದ್ರ ನಡೀತದೇನು? ಕಾಳಜಿ ಕೇಂದ್ರದಾಗ ನಾಯಿ ಬಿಡಂಗಿಲ್ಲ, ಅದರ ವ್ಯವಸ್ಥಾ ಹ್ಯಾಂಗ? ದನ ಸತ್ತರ ಪರಿಹಾರಕ್ಕ ಏನೇನು ಕಾಗದ ಬೇಕು?

ಕಾಗಿಣಾ_ಕಡೆಯವ

ಅಣ್ಣಾ, ನಿಮ್ಮ ಪಟ್ಟಿಯಲ್ಲಿ ಒಂದು ತಪ್ಪಿದೆ. ಮೊದಲು ಎತ್ತಬೇಕಾದ್ದು ದನ ಅಲ್ಲ, ಮೇವು. ದಿಬ್ಬದ ಮೇಲೆ ಮೇವಿಲ್ಲ ಅನ್ನೋ ಒಂದೇ ಕಾರಣಕ್ಕೆ ಜನ ದನಾನ ಕೊಟ್ಟಿಗೆಯಲ್ಲೇ ಬಿಟ್ಟು "ನಾಳೆ ನೋಡೋಣ" ಅಂತಾರೆ. ಮೇವು ಮೇಲಿದ್ದರೆ ದನ ಹೊಡೆಯೋಕೆ ಅರ್ಧ ತಾಸು ಸಾಕು.

ಲೆಕ್ಕ ಹೇಳ್ತೀನಿ. ದೊಡ್ಡ ದನ ಒಂದಕ್ಕೆ ದಿನಕ್ಕೆ 8 ಕೆಜಿ ಒಣ ಮೇವು ಹಿಡೀರಿ. ನಾಲ್ಕಕ್ಕೆ ಹತ್ತು ದಿನಕ್ಕೆ 320 ಕೆಜಿ. ಆಡಿಗೆ ತಲಾ 1 ಕೆಜಿ, 140 ಕೆಜಿ. ಒಟ್ಟು 460. ಕಣಕಿ ಸೂಡು ಒಂದೊಂದು ಊರಲ್ಲಿ ಒಂದೊಂದು ತೂಕ, ಅದಕ್ಕೆ ನಿಮ್ಮ ಒಂದು ಸೂಡು ತೂಗಿ ಭಾಗಿಸಿಕೊಳ್ಳಿ. ಆಡಿಗೆ ತೊಗರಿ ಹೊಟ್ಟು ಚೀಲದಲ್ಲಿ ತುಂಬಿಟ್ಟರೆ ಸಾಗಿಸೋದು ಸಲೀಸು. ನೀರು ದೊಡ್ಡ ದನಕ್ಕೆ 50 ಲೀಟರ್, ಹಿಂಡೋ ಎಮ್ಮೆಗೆ ಇನ್ನೂ ಜಾಸ್ತಿ, ಆಡಿಗೆ 4. ಅಂದರೆ ದಿನಕ್ಕೆ 270–280 ಲೀಟರ್. 200 ಲೀಟರಿನ ಎರಡು ಡ್ರಮ್ಮು ಬೇಕೇ ಬೇಕು.

ಜಾಗ: ದೊಡ್ಡದಕ್ಕೆ 40 ಚದರಡಿ, ಆಡಿಗೆ 11. 18×24ರ ಒಂದು ತಾಡಪತ್ರಿಯ ಕೆಳಗೆ ಎಲ್ಲಾ ಹಿಡಿಸುತ್ತೆ. ಒಂಟಿ ಬೇವಿನ ಮರದ ಬುಡಕ್ಕೆ, ತಂತಿ ಬೇಲಿಗೆ ಕಟ್ಟಬೇಡಿ. ಸೆಪ್ಟೆಂಬರ್-ಅಕ್ಟೋಬರಲ್ಲಿ ನಮ್ಮ ಕಡೆ ಸಿಡಿಲು ಜೋರು.

ಸುದ್ದಿ ವಿಷಯ. ಎಲ್ಲರೂ ಮಹಾರಾಷ್ಟ್ರದ ಉಜನಿ ಅಣೆಕಟ್ಟೆಯಿಂದ ಎಷ್ಟು ಕ್ಯೂಸೆಕ್ ಬಿಟ್ಟರು ಅಂತ ಮಾತ್ರ ನೋಡ್ತಾರೆ. ಸೀನಾ ನದಿ ಭೀಮಾಕ್ಕೆ ಸೇರೋದು ಉಜನಿಗಿಂತ ಕೆಳಗೆ, ಸೊಲ್ಲಾಪುರ ಜಿಲ್ಲೆಯ ಹತ್ತರಸಂಗ-ಕೂಡಲದಲ್ಲಿ. ಉಜನಿ ಅಂಕಿ ಇಳಿದಿದ್ದರೂ ಸೀನಾ ತುಂಬಿ ಬಂದರೆ ನಿಮ್ಮ ಹೊಲಕ್ಕೆ ನೀರು ಬರುತ್ತೆ. ಅದಕ್ಕೆ ಸೊನ್ನ ಬ್ಯಾರೇಜಿನ ಒಳಹರಿವು-ಹೊರಹರಿವು ಕೇಳಿ. ಜಿಲ್ಲಾ ಕಂಟ್ರೋಲ್ ರೂಮ್ 1077. ಉಜನಿಯಿಂದ ನೀರು ಬಿಟ್ಟ ಸುದ್ದಿಗೆ ಮೇವು ಸಾಗಿಸಿ, ಸೊನ್ನದ ಹೊರಹರಿವು ಏರೋಕೆ ಶುರುವಾದ ಕೂಡಲೇ ದನ ಸಾಗಿಸಿ. ಕತ್ತಲಾಗೋದರೊಳಗೆ ಮುಗಿಸಿ.

ಇನ್ನು ಕಣ್ಣಿ ಕಟ್ಟೋದು. ಪ್ರವಾಹದಲ್ಲಿ ಕೊಟ್ಟಿಗೆಯೊಳಗೆ ಸಾಯೋ ದನ ಈಜೋಕೆ ಬರದೆ ಸಾಯಲ್ಲ, ಕಟ್ಟಿದ್ದಕ್ಕೆ ಸಾಯುತ್ತೆ. ನೂಲಿನ ಹಗ್ಗ, ನಾರಿನ ಹಗ್ಗ ತೊಯ್ದರೆ ಉಬ್ಬಿ ಗಂಟು ಕಲ್ಲಾಗುತ್ತೆ. ಮಳೆಗಾಲ ಪೂರ್ತಿ ಜೀರುಗುಣಿಕೆ ಹಾಕಿ: ಹಗ್ಗವನ್ನು ಗೂಟಕ್ಕೆ ಒಂದು ಸುತ್ತು ತಂದು, ತುದಿಯನ್ನು ನೇರವಾಗಿ ತೂರಿಸದೆ ಮಡಚಿ, ಆ ಮಡಿಕೆಯನ್ನಷ್ಟೇ ಕುಣಿಕೆಯೊಳಗೆ ತೂರಿಸಿ ಬಿಗಿಯಿರಿ. ಬಿಡಿ ತುದಿ ಒಂದು ಗೇಣು ಜೋತು ಬಿದ್ದಿರಲಿ. ಕತ್ತಲಲ್ಲಿ ಒಂದೇ ಕೈಲಿ ಜಗ್ಗಿದರೆ ಬಿಚ್ಚಬೇಕು. ಈಗಲೇ ತೊಯ್ಸಿ ಜಗ್ಗಿ ನೋಡಿ. ಕುಡುಗೋಲು ಗೋಡೆಗೆ ತಲೆಮಟ್ಟದಲ್ಲಿ ಸಿಗಿಸಿ. ನೆಲದಲ್ಲಿಟ್ಟರೆ ನೀರಲ್ಲಿ ತಡಕಾಡಬೇಕಾಗುತ್ತೆ. ಬಿಚ್ಚಿ ಹೊರಗೆ ಹೊಡೆದ ಮೇಲೆ ಕೊಟ್ಟಿಗೆ ಬಾಗಿಲು ಹಾಕಿ. ದನ ಗಾಬರಿಯಾದರೆ ರೂಢಿ ಜಾಗಕ್ಕೇ ವಾಪಸ್ ನುಗ್ಗುತ್ತೆ.

ನೀರು ದಾಟಿಸಲೇಬೇಕಾಗಿ ಬಂದರೆ ಎಮ್ಮೆ ಮುಂದೆ ಬಿಡಿ, ಎತ್ತು ಹಿಂದೆ ಬರುತ್ತೆ. ನೊಗ ತೆಗೀರಿ. ಮೂಗುದಾರ ಹಿಡಿದು ದೋಣಿಗೆ ಕಟ್ಟಿ ಎಳೆಯೋದು ಬೇಡ. ಮೂಗು ಕೆಳಗೆ ಜಗ್ಗಿದರೆ ನೀರು ಶ್ವಾಸಕ್ಕೆ ಹೋಗುತ್ತೆ. ಆಡು ಟ್ರಾಲಿಯಲ್ಲೇ ಬರಲಿ, ಎತ್ತಿನ ಜೊತೆ ಒಂದೇ ಟ್ರಾಲಿಗೆ ಬೇಡ, ತುಳಿತಕ್ಕೆ ಸಿಗುತ್ತವೆ. ಟ್ರಾಲಿ ತಗಡಿನ ಮೇಲೆ ಮೂರು ಇಂಚು ಮರಳೋ ಹೊಟ್ಟೋ ಹಾಕಿ, ಇಲ್ಲಂದ್ರೆ ಜಾರಿ ಕಾಲು ಮುರಿಯುತ್ತೆ.

ಎರೆಹೊಲ_ಶಹಾಪುರ

ತೊಯ್ದ ಕಣಕಿ ಚೆಲ್ಲಬೇಡ್ರಿ. ಮ್ಯಾಲ ಯೂರಿಯಾ ನೀರು ಸಿಂಪಡಿಸಿ ಹಾಕಿದ್ರ ತಿಂತಾವ, ಸತ್ವಾನೂ ಹೆಚ್ಚಾಗ್ತದ.

ಪಶುವೈದ್ಯ_ಬೀದರ್

ಮೇಲಿನ ಸಲಹೆಯನ್ನು ದಯವಿಟ್ಟು ಯಾರೂ ಪಾಲಿಸಬೇಡಿ. ಯೂರಿಯಾ ಉಪಚಾರ ಇರುವುದು ಒಣ ಮೇವಿಗೆ: 100 ಕೆಜಿ ಮೇವಿಗೆ 4 ಕೆಜಿ ಯೂರಿಯಾ, 40–50 ಲೀಟರ್ ನೀರಿನಲ್ಲಿ ಪೂರ್ತಿ ಕರಗಿಸಿ, ಗಾಳಿಯಾಡದಂತೆ ಮುಚ್ಚಿ 21 ದಿನ ಇಟ್ಟು, ತೆರೆದು ಆರಿಸಿ ಕೊಡಬೇಕು. ಅಂದೇ ಸಿಂಪಡಿಸಿ ಅಂದೇ ಹಾಕಿದರೆ, ಅದೂ ಹಸಿದ ದನಕ್ಕೆ, ಹೊಟ್ಟೆಯಲ್ಲಿ ಅಮೋನಿಯಾ ಏರಿ ಒಂದೆರಡು ತಾಸಿನಲ್ಲಿ ನಡುಗಿ, ಹೊಟ್ಟೆ ಉಬ್ಬಿ ಸಾಯುತ್ತದೆ.

ತೊಯ್ದ ಬಣವಿಯ ವಿಷಯದಲ್ಲಿ ಯಾವ ನೀರಿಗೆ ತೊಯ್ದಿದೆ ಎಂಬುದು ಮುಖ್ಯ. ಬರೀ ಮಳೆಯಾಗಿದ್ದರೆ ಮರುದಿನವೇ ಬಿಚ್ಚಿ ಇಳಿಜಾರಿನಲ್ಲಿ ತೆಳ್ಳಗೆ ಹರವಿ, ದಿನಕ್ಕೆರಡು ಸಲ ಮಗುಚಿ ಒಣಗಿಸಿ. ಹೊಳೆ ನೀರು ನುಗ್ಗಿದ್ದರೆ ಕೆಳಭಾಗ ಬಿಟ್ಟುಬಿಡಿ. ರೇವೆ ಮಣ್ಣು ಹೊಟ್ಟೆ ಸೇರಿ ಕಟ್ಟಿಕೊಳ್ಳುತ್ತದೆ. ಬಣವಿಯೊಳಗೆ ಕೈ ಹಾಕಿದರೆ ಬಿಸಿ ತಾಗುತ್ತಿದ್ದರೆ, ಬಿಳಿ-ಕಪ್ಪು ಬೂಷ್ಟು ಕಂಡರೆ, ಮುಗ್ಗು ವಾಸನೆ ಬಂದರೆ ಬೇಡ. ಹಾಸಲಿಕ್ಕೂ ಬೇಡ, ಬಾಯಿ ಹಾಕುತ್ತವೆ. (ಕೈ ಹಾಕುವ ಮುಂಚೆ ಕೋಲಿನಿಂದ ಕೆದಕಿ. ನೀರು ಇಳಿದ ಮೇಲೆ ಹಾವುಗಳು ಆಶ್ರಯ ಪಡೆಯುವುದು ಅಲ್ಲೇ.) ಶೇಂಗಾ ಹಿಂಡಿ, ಹತ್ತಿಕಾಳಿನ ಹಿಂಡಿ ತೊಯ್ದು ಗಡ್ಡೆ ಕಟ್ಟಿದ್ದರೆ ಒಣಗಿಸಿದರೂ ಉಪಯೋಗವಿಲ್ಲ. ಬೂಷ್ಟಿನ ವಿಷ (ಅಫ್ಲಾಟಾಕ್ಸಿನ್) ಹಾಲಿಗೂ ಇಳಿಯುತ್ತದೆ, ಕುದಿಸಿದರೆ ಹೋಗುವುದಿಲ್ಲ. ಮೇವಿಲ್ಲವೆಂದು ಕೂಳೆ ಜೋಳದ (ಕೊಯ್ದ ಮೇಲೆ ಬುಡದಿಂದ ಮತ್ತೆ ಒಡೆದ ಜೋಳದ) ಎಳೆ ಚಿಗುರಿಗೆ ಬಿಡುವುದೂ ಅಷ್ಟೇ ಅಪಾಯ, ಅದರಲ್ಲಿ ಸೈನೈಡ್ ಅಂಶ ಹೆಚ್ಚು.

ರೊಟ್ಟಿ-ಅನ್ನದ ಪ್ರಶ್ನೆ ಕೇಳಿದ್ದು ಒಳ್ಳೆಯದಾಯಿತು. ಎರಡು ಮೂರು ದಿನ ಉಪವಾಸವಿದ್ದ ಎಮ್ಮೆಯ ಮುಂದೆ ಬುಟ್ಟಿಗಟ್ಟಲೆ ಅನ್ನ, ಚಪಾತಿ, ಹಿಟ್ಟು ಸುರಿದರೆ ಮೊದಲ ಹೊಟ್ಟೆಯಲ್ಲಿ ಆಮ್ಲ ಏರುತ್ತದೆ. ಮೊದಲು ಮೆಲುಕು ನಿಲ್ಲುತ್ತದೆ, ಆಮೇಲೆ ಹುಳಿ ವಾಸನೆಯ ಭೇದಿ, ತೂರಾಟ. ಎರಡನೇ ದಿನ ಮಲಗಿದರೆ ಎಬ್ಬಿಸುವುದು ಕಷ್ಟ. ದಾನಿಗಳಿಗೆ ಮೊದಲೇ ಹೇಳಿ: ದನಕ್ಕೆ ಒಣ ಮೇವು, ಖನಿಜ ಮಿಶ್ರಣ ತನ್ನಿ, ರೊಟ್ಟಿ ಮನುಷ್ಯರಿಗಿರಲಿ. ಹಸಿದ ದನಕ್ಕೆ ಮೊದಲ ದಿನ ನೀರು ಮತ್ತು 2–3 ಕೆಜಿ ಒಣ ಮೇವು ಮಾತ್ರ; ಪೂರ್ತಿ ಅಳತೆಗೆ ಮೂರು ದಿನದಲ್ಲಿ ಬನ್ನಿ. ಆಗಲೇ ತಿಂದುಬಿಟ್ಟಿದ್ದರೆ 100 ಗ್ರಾಂ ಅಡುಗೆ ಸೋಡಾವನ್ನು ಒಂದು ಲೀಟರ್ ನೀರಿನಲ್ಲಿ ಕಲಸಿ ನಿಧಾನ ಕುಡಿಸಿ, ಪಶು ಸಹಾಯವಾಣಿ 1962ಕ್ಕೆ ಕರೆ ಮಾಡಿ. ಕುಡಿಸುವಾಗ ನಾಲಗೆ ಹೊರಗೆಳೆಯಬೇಡಿ, ಮೂತಿ ಕಣ್ಣಿಗಿಂತ ಮೇಲೆತ್ತಬೇಡಿ. ನುಂಗಲಾಗದೆ ಮಲಗಿದ ದನಕ್ಕೆ ಬಾಯಿಂದ ಏನೂ ಬೇಡ, ಶ್ವಾಸಕೋಶಕ್ಕೆ ಹೋಗುತ್ತದೆ.

ಕಾಯಿಲೆಗಳಲ್ಲಿ ನಿಮಗೆ ಮುಖ್ಯವಾದದ್ದು ಗಳಲೆ ರೋಗ. ಎಮ್ಮೆಗೆ ಬೇಗ ತಗಲುತ್ತದೆ: 105–107 ಡಿಗ್ರಿ ಜ್ವರ, ಗಂಟಲು ಬಾವು, ಗೊರಗೊರ ಉಸಿರು, ಒಂದೇ ದಿನದಲ್ಲಿ ಸಾವು. ಲಸಿಕೆ ಹಾಕಿಸಿದ ಮೇಲೆ ರಕ್ಷಣೆ ಬರಲು ಎರಡು ಮೂರು ವಾರ ಬೇಕು, ಆದ್ದರಿಂದ ನೀರು ಬಂದ ಮೇಲೆ ಓಡಾಡುವುದಕ್ಕಿಂತ ಮೇ-ಜೂನ್‌ನಲ್ಲೇ ಹಾಕಿಸಿ. ಜೊತೆಗೆ ಚಪ್ಪೆ ರೋಗದ್ದು, ಆಡಿಗೆ ಕರುಳುಬೇನೆಯದು. ಎಳೆ ದನ ಕುಂಟುತ್ತಾ, ತೊಡೆಯ ಬಾವು ಒತ್ತಿದರೆ ಚರಚರ ಎಂದರೆ ಅದು ಚಪ್ಪೆ.

ರಾಡಿಯಲ್ಲಿ ನಿಂತು ಗೊರಸಿನ ಸಂದು ಕೊಳೆಯುತ್ತದೆ. ತೊಳೆದು ಒರೆಸಿ, ಶೇ. 5ರ ಮೈಲುತುತ್ತದ ನೀರಲ್ಲಿ (ಲೀಟರಿಗೆ 50 ಗ್ರಾಂ) ಐದು ನಿಮಿಷ ನಿಲ್ಲಿಸಿ. ಆಡು-ಕುರಿ ಆ ನೀರು ಕುಡಿಯದಂತೆ ನೋಡಿ, ಅವಕ್ಕೆ ತಾಮ್ರ ವಿಷ. ಹುಳ ಬಿದ್ದ ಗಾಯಕ್ಕೆ ಫಿನೈಲ್ ಸುರಿಯುವ ರೂಢಿ ಬಿಡಿ. ಟರ್ಪೆಂಟೈನ್ ಎಣ್ಣೆಯ ಬಟ್ಟೆಯನ್ನು ಹತ್ತು ನಿಮಿಷ ತುರುಕಿ, ಹೊರಬಂದ ಹುಳಗಳನ್ನು ಚಿಮುಟದಿಂದ ತೆಗೆದು, ಪೊವಿಡೋನ್ ಅಯೋಡಿನ್ ಹಚ್ಚಿ. ಬೆಕ್ಕಿಗೆ ಮಾತ್ರ ಟರ್ಪೆಂಟೈನೂ ಬೇಡ, ಫಿನೈಲೂ ಬೇಡ. ಎರಡೂ ಅದಕ್ಕೆ ವಿಷ.

ನಾಯಿಬೆಕ್ಕು_ಕಲಬುರಗಿ

ಬೆಕ್ಕಿಗೆ ದುಡ್ಡು ಕೊಟ್ಟು ಪೆಟ್ಟಿಗೆ ಕೊಳ್ಳಬೇಕಿಲ್ಲ. ಟೊಮೆಟೊ ತುಂಬೋ ಎರಡು ಪ್ಲಾಸ್ಟಿಕ್ ಕ್ರೇಟ್ ತಗೊಳ್ಳಿ, ಒಂದರ ಮೇಲೊಂದು ಬೋರಲು ಹಾಕಿ, ಒಂದು ಉದ್ದ ಬದಿಗೆ ತಂತಿಯಿಂದ ಕೀಲಿನ ಹಂಗೆ ಕಟ್ಟಿ, ಎದುರು ಬದಿಗೆ ಹಗ್ಗ. ಒಳಗೆ ಗೋಣಿತಟ್ಟು. ಈಗಿನಿಂದಲೇ ಮನೆ ಮೂಲೆಯಲ್ಲಿಟ್ಟು ಅದರೊಳಗೇ ಊಟ ಹಾಕಿ. ನೀರು ಬಂದ ದಿನ ಹಿಡಿಯೋಕೆ ಹೋದರೆ ಅಟ್ಟ ಹತ್ತಿ ಕೂರುತ್ತೆ, ಕೈಗೆ ಸಿಗಲ್ಲ. ಚೀಲದಲ್ಲಿ ಕಟ್ಟಿ ಒಯ್ಯೋದು ಬೇಡ, ಉಸಿರು ಕಟ್ಟುತ್ತೆ.

ನಾಯಿ ವಿಷಯ: ಕಾಳಜಿ ಕೇಂದ್ರ ಬಹಳ ಕಡೆ ಶಾಲೆ ಕೋಣೆಯೇ, ಮಕ್ಕಳು-ಮುದುಕರು ಮಲಗಿರೋ ಜಾಗ. ಒಳಗೆ ಬಿಡಲ್ಲ ಅನ್ನೋದರಲ್ಲಿ ತಪ್ಪೇನಿಲ್ಲ. ಪಿಡಿಒ ಹತ್ರ ಮೊದಲೇ ಮಾತಾಡಿ, ಶಾಲೆ ಹಿಂದಿನ ಸೈಕಲ್ ಶೆಡ್ಡೋ, ದನ ಕಟ್ಟೋ ತಾಡಪತ್ರಿಯ ಒಂದು ಮೂಲೆಯೋ ಗೊತ್ತು ಮಾಡ್ಕೊಳ್ಳಿ. ಆರಡಿ ಸರಪಳಿ ಸಾಕು. ಉದ್ದ ಇದ್ದರೆ ಗೂಟಕ್ಕೆ ಸುತ್ತಿಕೊಂಡು ಕುತ್ತಿಗೆ ಬಿಗಿಯುತ್ತೆ. ಕೊರಳಪಟ್ಟಿ ಒಳಗಡೆ ಅಳಿಸದ ಶಾಯಿಯಲ್ಲಿ ಫೋನ್ ನಂಬರ್ ಬರೀರಿ. ರೇಬೀಸ್ ಲಸಿಕೆ ಕಾರ್ಡ್ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿಡಿ, ಕಾರ್ಡ್ ತೋರಿಸಿದರೆ ಅರ್ಧ ಜಗಳ ಅಲ್ಲೇ ಮುಗಿಯುತ್ತೆ. ಇಲಿ ಜ್ವರದ ಅಂಶ ಇರೋ ಲಸಿಕೆ ಬೇಕು ಅಂತ ಡಾಕ್ಟರಿಗೆ ಬಿಡಿಸಿ ಹೇಳಿ, ಮೊದಲ ಸಲವಾದರೆ ಮೂರ್ನಾಲ್ಕು ವಾರದ ಅಂತರದಲ್ಲಿ ಎರಡು ಡೋಸ್.

ಮಾಳಿಗೆ ಮೇಲೆ ಸಿಕ್ಕಿಬಿದ್ದ ಬೀದಿನಾಯಿ ಇಳಿಸೋರಿಗೆ: ಎದುರಿಂದ ಕೈ ಚಾಚಬೇಡಿ. ಊಟ ಇಟ್ಟು, ಪಕ್ಕದಿಂದ ದಪ್ಪ ಕೌದಿ ಹೊದೆಸಿ ಎತ್ತಿ. ಕಚ್ಚಿದರೆ, ಪರಚಿದರೆ ಸೋಪು ಹಚ್ಚಿ ಹರಿಯೋ ನೀರಲ್ಲಿ 15 ನಿಮಿಷ ತೊಳೆದು ಅವತ್ತೇ ಇಂಜೆಕ್ಷನ್ ತಗೊಳ್ಳಿ. ಅರಿಶಿಣ, ಸುಣ್ಣ ಹಚ್ಚಬೇಡಿ.

ಪಂಚಾಯ್ತಿ_ಕಟ್ಟಿ_ಜೇವರ್ಗಿ

ಪರಿಹಾರದ ಕಾಗದದ ಬಗ್ಗೆ. 2022–26ರ ಎಸ್‌ಡಿಆರ್‌ಎಫ್ (ರಾಜ್ಯ ವಿಪತ್ತು ಪರಿಹಾರ ನಿಧಿ) ಮಾನದಂಡದಾಗ ಆಕಳು, ಎಮ್ಮಿಗೆ 37,500 ರೂಪಾಯಿ, ಎತ್ತಿಗೆ 32,000, ಕರುವಿಗೆ 20,000, ಆಡು-ಕುರಿಗೆ 4,000, ಕೋಳಿಗೆ 100. ಒಂದು ಕುಟುಂಬಕ್ಕ ಮಿತಿ ಅದ: ಹಿಂಡೋ ದೊಡ್ಡ ದನ 3 ಅಥವಾ ಆಡು-ಕುರಿ 30. ಅವಧಿ ಮುಗಿದ ಹಾಂಗ ದರ ಬದಲಾಗ್ತದ, ತಹಸೀಲ್ದಾರ್ ಕಚೇರ್ಯಾಗ ಚಾಲ್ತಿ ಪಟ್ಟಿ ಕೇಳ್ರಿ.

ಅರ್ಜಿ ತಿರಸ್ಕಾರ ಆಗೋದು ಹೆಚ್ಚಾಗಿ ಒಂದೇ ಕಡಿ: ದನ ನಿಮ್ದು ಅಂತ ತೋರಿಸೋದರಾಗ. ಈಗಲೇ ಪ್ರತಿ ದನದ್ದು ಎರಡೆರಡು ಫೋಟೊ ತಗೀರಿ. ಒಂದರಾಗ ನೀವು, ದನ ಇಬ್ಬರೂ ಇರಬೇಕು. ಇನ್ನೊಂದರಾಗ ಕಿವಿಯ ಹಳದಿ ಬಿಲ್ಲಿ, ಅದರ 12 ಅಂಕಿ ಓದಂಗಿರಬೇಕು. ಬಿಲ್ಲಿ ಬಿದ್ದಿದ್ರ ಪಶು ಆಸ್ಪತ್ರ್ಯಾಗ ಹೊಸಾದು ಹಾಕಿಸ್ರಿ. ಫೋಟೊ ಊರ ಹೊರಗಿರೋ ನೆಂಟರ ವಾಟ್ಸಾಪಿಗೆ ಕಳಿಸಿಡ್ರಿ, ನಿಮ್ಮ ಫೋನ್ ನೀರಾಗ ಬಿದ್ರೂ ಉಳೀತದ.

ದನ ಸತ್ತರ ಹೂಳೋಕಿಂತ ಮೊದಲು ಗ್ರಾಮ ಆಡಳಿತ ಅಧಿಕಾರಿಗೆ, ಪಶುವೈದ್ಯರಿಗೆ ಫೋನ್. ಪಂಚನಾಮೆ, ಮರಣೋತ್ತರ ವರದಿ, ಫೋಟೊ, ಆಧಾರ್, ಪಾಸ್‌ಬುಕ್. ಹರಕೊಂಡು ಹೋಗಿದ್ರ ಅದೇ ದಿನ ಲಿಖಿತ ದೂರು ಕೊಟ್ಟು ಸ್ವೀಕೃತಿ ತಗೋರಿ. ವಾರ ಬಿಟ್ಟು ಹೋದ್ರ ಪಂಚರು ಸಿಗಂಗಿಲ್ಲ.

ಪಶುವೈದ್ಯ_ಬೀದರ್

ಮರಣೋತ್ತರದ ಮಾತಿಗೆ ಒಂದು ಸೇರಿಸಬೇಕು. ದಿಢೀರ್ ಸತ್ತು, ಮೂಗು, ಬಾಯಿ, ಗುದದಿಂದ ಹೆಪ್ಪುಗಟ್ಟದ ಕಪ್ಪು ರಕ್ತ ಬಂದಿದ್ದರೆ ನೆರಡಿ ರೋಗದ (ಆಂಥ್ರಾಕ್ಸ್) ಶಂಕೆ. ಆ ಹೆಣವನ್ನು ಕೊಯ್ಯಬಾರದು, ಚರ್ಮ ಸುಲಿಯಬಾರದು. ಗಾಳಿ ತಾಗಿದರೆ ರೋಗಾಣು ಬೀಜಾಣುವಾಗಿ ಮಣ್ಣಿನಲ್ಲಿ ದಶಕಗಟ್ಟಲೆ ಉಳಿಯುತ್ತದೆ. ಕಿವಿಯ ರಕ್ತನಾಳದಿಂದ ಗಾಜಿನ ಮೇಲೆ ಒಂದು ಹನಿ ತೆಗೆದು ಪರೀಕ್ಷಿಸಿ ಪಶುವೈದ್ಯರೇ ಬರೆದುಕೊಡುತ್ತಾರೆ.

ಹೂಳುವ ಗುಂಡಿ ಆರಡಿಗಿಂತ ಆಳ, ಬಾವಿ-ಬೋರಿನಿಂದ ದೂರ, ಹೆಣದ ಕೆಳಗೂ ಮೇಲೂ ಸುಣ್ಣ. ನಮ್ಮ ಎರೆಭೂಮಿಯ ತೊಂದರೆಯೆಂದರೆ ಬೇಸಿಗೆಯಲ್ಲಿ ಬಿರುಕು ಬಿಟ್ಟು ವಾಸನೆ ಹೊರಬರುತ್ತದೆ, ನಾಯಿಗಳು ಕೆದರುತ್ತವೆ. ಮಣ್ಣು ಮುಚ್ಚಿದ ಮೇಲೆ ಕಲ್ಲು, ಅದರ ಮೇಲೆ ಜಾಲಿ ಮುಳ್ಳು ಹೇರಿ.

ಭೀಮಾದಂಡಿ_ಅಫಜಲಪುರ

ಎಲ್ಲಾರಿಗೂ ಧನ್ಯವಾದ್ರಿ. ಫೋಟೊ ಇವತ್ತೇ ತಗೀತೀವಿ. ಡ್ರಮ್ಮಿನ ನೀರಿಗೆ ಬ್ಲೀಚಿಂಗ್ ಪೌಡರ್ ಹಾಕಿದ್ರ ಎಮ್ಮಿ ಮೂಸಿ ಹಿಂದ ಸರೀತಾವ. ಏನ್ ಮಾಡಬೇಕ್ರಿ?

ಕಾಗಿಣಾ_ಕಡೆಯವ

ಅಳತೆ ಹೆಚ್ಚಾಗಿರುತ್ತೆ, ಎಲ್ಲರೂ ಮುಷ್ಟಿ ಲೆಕ್ಕದಲ್ಲಿ ಹಾಕ್ತಾರೆ. ರಾಡಿ ನೀರಾದರೆ ಮೊದಲು 200 ಲೀಟರಿಗೆ 5–10 ಗ್ರಾಂ ಪಟಕ ಕಲಸಿ ರಾತ್ರಿ ಬಿಟ್ಟು, ತಿಳಿ ಮಾತ್ರ ಬೇರೆ ಡ್ರಮ್ಮಿಗೆ ತೆಗೀರಿ. ಆ ತಿಳಿಗೆ ಪೌಡರ್ 1ರಿಂದ 2 ಗ್ರಾಂ, ಅಂದ್ರೆ ಟೀ ಚಮಚದ ಅರ್ಧಕ್ಕೂ ಕಡಿಮೆ, ಒಂದು ಮಗ್ಗಿನಲ್ಲಿ ಕರಗಿಸಿ ಸುಣ್ಣ ತಳಕ್ಕೆ ಕೂತ ಮೇಲೆ ಮೇಲಿನದಷ್ಟೇ ಹಾಕಿ. ಅರ್ಧ ತಾಸಾದ ಮೇಲೆ ತುಸು ವಾಸನೆ ಇದ್ದರೆ ಸರಿ. ಆಮೇಲೆ ಮುಚ್ಚಳ ತೆಗೆದು ಎರಡು ತಾಸು ಬಿಡಿ, ಒಂದು ಬೊಗಸೆ ಗೋಧಿ ಬೂಸಾ ಉದುರಿಸಿ. ಕುಡೀತಾವೆ.