ಹಠ, ಛಲ, ಪಟ್ಟು, ಮೊಂಡುತನ: ಎಲ್ಲಿ ಯಾವುದು?

ಪ್ರಶ್ನೆ:
ಗುರಿಸಾಧನೆ ಕುರಿತ ಲೇಖನವೊಂದನ್ನು ತಿದ್ದುತ್ತಿದ್ದೇನೆ. ಒಂದು ಕಡೆ ‘ಗುರಿ ಮುಟ್ಟಬೇಕಾದರೆ ಹಠ ಇರಬೇಕು’ ಎಂದಿದೆ, ಮುಂದೆ ‘ಅವನ ಹಠವೇ ಅವನನ್ನು ಕೆಡಿಸಿತು’ ಎಂದಿದೆ. ಮೊದಲನೆಯದನ್ನು ‘ಛಲ’ ಎಂದು ಬದಲಿಸಿದರೆ ಸಾಕೇ? ನಿಘಂಟಿನಲ್ಲಿ ನೋಡಿದರೆ ಒಂದಕ್ಕೆ ಇನ್ನೊಂದನ್ನೇ ಅರ್ಥವಾಗಿ ಕೊಟ್ಟಿದ್ದಾರೆ. ‘ಹಟ’, ‘ಹಠ’ ಇವುಗಳಲ್ಲಿ ಸರಿ ಯಾವುದು?

ಉತ್ತರ:
ಕೊನೆಯದು ಸುಲಭ. ‘ಹಠ’ ಸಂಸ್ಕೃತ ರೂಪ, ‘ಹಟ’ ಕನ್ನಡಕ್ಕೆ ಒಗ್ಗಿದ ರೂಪ. ಎರಡೂ ಸರಿ, ಒಂದೇ ಬರಹದಲ್ಲಿ ಬೆರೆಸದಿದ್ದರಾಯಿತು.

ಉಳಿದದ್ದಕ್ಕೆ ನಾಮಪದಗಳನ್ನಷ್ಟೇ ನೋಡುತ್ತ ಕೂತರೆ ಉತ್ತರ ಸಿಗದು. ಅವುಗಳ ಜೊತೆ ಬರುವ ಕ್ರಿಯಾಪದಗಳನ್ನು ನೋಡಬೇಕು. ಮಗು ‘ಹಠ ಮಾಡುತ್ತದೆ’. ‘ಛಲ ಮಾಡುತ್ತದೆ’ ಎಂದು ಯಾರೂ ಹೇಳುವುದಿಲ್ಲ. ಹಠ ಮಾಡುವುದಕ್ಕೆ ಎದುರಿಗೆ ಮಣಿಯಬೇಕಾದವರೊಬ್ಬರು ಇರಬೇಕು. ಛಲ ಹುಟ್ಟುತ್ತದೆ, ಛಲ ತೊಡುತ್ತಾರೆ, ಅಲ್ಲಿ ಮಣಿಯಬೇಕಾದದ್ದು ಕೆಲಸ. ‘ಹಠ ತೊಟ್ಟು ಕಲಿತಳು’, ‘ಹಠ ಹಿಡಿದು ಓದಿದ’ ಎಂದಾಗ ಹಠವೂ ಛಲದ ಪಕ್ಕಕ್ಕೆ ಬಂದು ನಿಲ್ಲುತ್ತದೆ, ಯಾಕೆಂದರೆ ಅಲ್ಲಿ ಒತ್ತಡ ತನ್ನ ಮೇಲೆಯೇ. ನಿಮ್ಮ ಲೇಖಕರ ಮೊದಲ ವಾಕ್ಯ ತಪ್ಪೆನಿಸದಿರುವುದು ಇದರಿಂದಲೇ. ಕ್ರಿಯಾಪದವಿಲ್ಲದೆ ಬರೀ ‘ಹಠ ಇರಬೇಕು’ ಎಂದುಬಿಟ್ಟಾಗ ಮಾತ್ರ ಓದುಗನಿಗೆ ಯಾವ ಹಠ ಎಂಬುದು ತಿಳಿಯುವುದಿಲ್ಲ.

ಛಲದ ಚರಿತ್ರೆ ಇನ್ನೂ ಸ್ವಾರಸ್ಯದ್ದು. ಸಂಸ್ಕೃತದಲ್ಲಿ ‘ಛಲ’ ಎಂದರೆ ಕಪಟ. ನ್ಯಾಯಶಾಸ್ತ್ರದಲ್ಲಿ, ಅಂದರೆ ಭಾರತೀಯ ತರ್ಕಶಾಸ್ತ್ರದಲ್ಲಿ, ಎದುರಾಳಿಯ ಮಾತಿಗೆ ಬೇಕೆಂದೇ ಬೇರೆ ಅರ್ಥ ಹಚ್ಚಿ ಸೋಲಿಸುವ ಕುಯುಕ್ತಿಗೆ ಈ ಹೆಸರು. ಹಿಂದಿಯಲ್ಲಿ ಇಂದಿಗೂ ಮೋಸವೆಂದೇ ಅರ್ಥ, ಮರಾಠಿಯ ‘ಛಳ’ ಎಂದರೆ ಕಿರುಕುಳ. ಕನ್ನಡವೋ ಸಾವಿರ ವರ್ಷಗಳ ಹಿಂದೆಯೇ ಇದನ್ನು ಮೆಚ್ಚುಗೆಯ ಮಾತಾಗಿಸಿಕೊಂಡಿದೆ. ಪಂಪ ಕ್ರಿ.ಶ. 941ರ ತನ್ನ ಭಾರತದಲ್ಲಿ ಯಾರು ಯಾವ ಗುಣಕ್ಕೆ ದೊಡ್ಡವರೆಂದು ಎಣಿಸುವಾಗ ‘ಚಲದೊಳ್ ದುರ್ಯೋಧನಂ’ ಎಂದೇ ಪದ್ಯ ಶುರುಮಾಡುತ್ತಾನೆ. ಬಸವಣ್ಣನವರು ‘ಛಲಬೇಕು ಶರಣಂಗೆ ಪರಧನವನೊಲ್ಲೆನೆಂಬ’ ಎನ್ನುತ್ತಾರೆ. ಎರಡನ್ನೂ ಜೊತೆಗಿಟ್ಟು ನೋಡಿ. ಹಿಡಿದ ಗುರಿ ಒಳ್ಳೆಯದೇ ಎಂಬ ಖಾತರಿಯನ್ನು ಛಲ ಕೊಡುವುದಿಲ್ಲ. ತೊಟ್ಟ ಮಾತಿನಿಂದ ಕದಲದಿರುವುದಷ್ಟೇ ಅದರ ತಿರುಳು. ಆದ್ದರಿಂದ ‘ಹಠ ಕೆಟ್ಟದ್ದು, ಛಲ ಒಳ್ಳೆಯದು’ ಎಂಬ ಪಾಠ ನನಗೆ ಒಪ್ಪಿಗೆಯಿಲ್ಲ.

ನಿಜವಾಗಿ ಎದುರುಬದುರು ನಿಲ್ಲುವುದು ಛಲ ಮತ್ತು ಮೊಂಡುತನ. ‘ಮೊಂಡು’ ಎಂದರೆ ಹರಿತವಿಲ್ಲದ್ದು. ಮೊಂಡು ಕುಡುಗೋಲನ್ನು ಎಷ್ಟು ಒತ್ತಿ ಎಳೆದರೂ ಹುಲ್ಲು ಬಾಗುತ್ತದೆಯೇ ಹೊರತು ಕೊಯ್ಯುವುದಿಲ್ಲ. ಮಾಡಬೇಕಾದದ್ದು ಅಲಗು ಮಸೆಯುವುದು, ಮೊಂಡನು ಮಾಡುವುದು ಇನ್ನಷ್ಟು ಒತ್ತುವುದು. ಅವನು ಹಿಡಿದುಕೊಂಡಿರುವುದು ಗುರಿಯನ್ನಲ್ಲ, ದಾರಿಯನ್ನು. ಕಣ್ಣೆದುರಿನ ನಾಲ್ಕನೆಯ ಕಾಲನ್ನೂ ಎಣಿಸದ ‘ತಾನು ಹಿಡಿದ ಮೊಲಕ್ಕೆ ಮೂರೇ ಕಾಲು’ ಎಂಬ ಗಾದೆ ಹೇಳುವುದೂ ಇದನ್ನೇ.

ತಿದ್ದುವಾಗ ಹೀಗೆ ಪರೀಕ್ಷಿಸಿ: ವಾಕ್ಯಕ್ಕೆ ‘ಬೇರೆ ದಾರಿ ಹುಡುಕಿದ’ ಎಂದು ಸೇರಿಸಿ. ‘ಮೊದಲ ವಿಧಾನ ಕೈಕೊಟ್ಟಾಗ ಛಲ ಬಿಡದೆ ಬೇರೆ ದಾರಿ ಹುಡುಕಿದ’ ಎಂಬುದು ಸಲೀಸಾಗಿ ಕೂರುತ್ತದೆ. ‘ಮೊಂಡುತನದಿಂದ ಬೇರೆ ದಾರಿ ಹುಡುಕಿದ’ ಎಂಬುದು ಮುರಿದುಬೀಳುತ್ತದೆ. ಹಠ ನಡುವೆ ನಿಲ್ಲುತ್ತದೆ, ಸಂದರ್ಭವೇ ತೀರ್ಮಾನಿಸಬೇಕು.

‘ಜಿದ್ದು’ ಬೇಡ. ಅರಬ್ಬಿ ಮೂಲದ ಆ ಪದಕ್ಕೆ ಎದುರಾಳಿ ಬೇಕೇ ಬೇಕು, ‘ಜಿದ್ದಾಜಿದ್ದಿ’ ನೆನೆಸಿಕೊಂಡರೆ ಸಾಕು.

ಇನ್ನೊಂದು ತೊಡಕಿದೆ, ಹೆಚ್ಚಿನವರು ಎಡವುವುದು ಇಲ್ಲಿಯೇ. ಛಲಕ್ಕೆ ಒಂದು ಕಾವಿದೆ. ಅವಮಾನವೋ ಸೋಲೋ ಸವಾಲೋ ಕೆರಳಿಸಿದಾಗ ಹುಟ್ಟುವಂಥದ್ದು ಅದು. ದಿನಕ್ಕೆ ಅರ್ಧ ಗಂಟೆಯಂತೆ ಎರಡು ವರ್ಷ ಒಂದು ಭಾಷೆ ಕಲಿತವರನ್ನು ‘ಛಲಗಾರ’ ಎಂದರೆ ಮಾತು ದೊಡ್ಡದಾಯಿತು. ‘ಸತತ ಪ್ರಯತ್ನ’ ನಿಂತಿಲ್ಲ ಎಂಬುದನ್ನಷ್ಟೇ ಹೇಳುತ್ತದೆ, ನಿಲ್ಲಿಸಬೇಕೆನಿಸಿದರೂ ನಿಲ್ಲಿಸಲಿಲ್ಲ ಎಂಬುದನ್ನು ಹೇಳುವುದಿಲ್ಲ. ಈ ತಣ್ಣನೆಯ ಗುಣವನ್ನು ಕನ್ನಡ ನಾಮಪದಕ್ಕಿಂತ ಹೆಚ್ಚಾಗಿ ನಿಷೇಧರೂಪದ ಕ್ರಿಯೆಯಿಂದ ಹೇಳುತ್ತದೆ: ಬಿಡದೆ, ಬೇಸರಿಸದೆ, ಎದೆಗುಂದದೆ, ಪಟ್ಟುಬಿಡದೆ. ಪಟ್ಟು ಕುಸ್ತಿಯ ಹಿಡಿತ. ‘ಬೇಕೆಂದು ಪಟ್ಟು ಹಿಡಿದರು’ ಎಂದಾಗ ಬೇಡಿಕೆ, ‘ಪಟ್ಟುಬಿಡದೆ ದುಡಿದರು’ ಎಂದಾಗ ಶ್ರದ್ಧೆ. ಪದ ಅದೇ, ಅರ್ಥ ತಿರುಗಿದ್ದು ಕ್ರಿಯೆಯಿಂದ.

ನಿಮ್ಮ ಮೊದಲ ವಾಕ್ಯಕ್ಕೆ ನನ್ನ ಸೂಚನೆ: ‘ಗುರಿ ಮುಟ್ಟಬೇಕಾದರೆ ಪಟ್ಟುಬಿಡದೆ ದುಡಿಯಬೇಕು’. ಲೇಖನದಲ್ಲಿ ಸೋತು ಎದ್ದವರ ಮಾತು ಬಂದಿದ್ದರೆ ‘ಛಲ ಬೇಕು’ ಎನ್ನಬಹುದು. ಎರಡನೆಯದರಲ್ಲಿ ಆತ ಇತರರ ಮಾತು ಕೇಳದೆ ಕೆಟ್ಟಿದ್ದರೆ ‘ಹಠ’ ಹಾಗೆಯೇ ಇರಲಿ, ಫಲಿಸದ ವಿಧಾನವನ್ನೇ ಮತ್ತೆ ಮತ್ತೆ ಮಾಡಿ ಕೆಟ್ಟಿದ್ದರೆ ‘ಮೊಂಡುತನ’ ಎಂದು ತಿದ್ದಿ.